ವೆಬ್ ಅಪ್ಲಿಕೇಶನ್‌ಗಳಲ್ಲಿ ಚಿತ್ರಗಳ ಪ್ರೀಲೋಡಿಂಗ್

ವೆಬ್ ಪುಟದಲ್ಲಿ ಚಿತ್ರವೊಂದು ಕಣ್ಣಿಗೆ ಬೀಳಬೇಕಾದ ಗಳಿಗೆಗಿಂತ ಮುಂಚೆಯೇ ಅದನ್ನು ಸರ್ವರಿನಿಂದ ತರಿಸಿ ಬ್ರೌಸರಿನ ಕ್ಯಾಶ್‌ನಲ್ಲೋ ಮೆಮೊರಿಯಲ್ಲೋ ಇಟ್ಟುಕೊಳ್ಳುವ ವಿಧಾನಗಳನ್ನು ಒಟ್ಟಾಗಿ ಪ್ರೀಲೋಡಿಂಗ್ ಎನ್ನುತ್ತಾರೆ. ಫೋಟೊ ಗ್ಯಾಲರಿಯಲ್ಲಿ ‘ಮುಂದೆ’ ಒತ್ತಿದ ಕೂಡಲೇ ಹೊಸ ಚಿತ್ರ ಮೂಡುವುದು, ಮೌಸ್ ತಾಗಿದೊಡನೆ ಗುಂಡಿಯ ಬಣ್ಣ ಬದಲಾಗುವುದು, ಆಟದ ಹೊಸ ಹಂತ ತೆರೆದಾಗ ಪಾತ್ರಗಳೆಲ್ಲ ಇಡಿಯಾಗಿ ಕಾಣಿಸುವುದು ಇದರ ಫಲ. ಈಚೆಗೆ ಇದೇ ಹೆಸರಿನಲ್ಲಿ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಪುಟ ತೆರೆದಾಗ ಮೊದಲು ಕಾಣುವ ದೊಡ್ಡ ಚಿತ್ರವನ್ನು ಉಳಿದೆಲ್ಲ ಕಡತಗಳ ನಡುವಿನಿಂದ ಎತ್ತಿ ಮುಂದಕ್ಕೆ ತರುವುದು ಆ ಕೆಲಸ.

ಪ್ರೀಲೋಡಿಂಗಿನಿಂದ ಜಾಲದ ವೇಗ ಎಳ್ಳಷ್ಟೂ ಹೆಚ್ಚುವುದಿಲ್ಲ. ಬದಲಾಗುವುದು ಸರದಿ ಮಾತ್ರ. ಒಂದು ಚಿತ್ರ ಮುಂದೆ ಬಂದರೆ ಅದೇ ಸಂಪರ್ಕದಲ್ಲಿ ಬರಬೇಕಿದ್ದ ಸ್ಟೈಲ್‌ಶೀಟೋ ಫಾಂಟೋ ಇನ್ನೊಂದು ಚಿತ್ರವೋ ಅಷ್ಟು ಹಿಂದೆ ಸರಿಯುತ್ತದೆ. ಪಂಕ್ತಿಯ ಊಟದಲ್ಲಿ ಅನ್ನ ಮುಗಿಯುವ ಹೊತ್ತಿಗೆ ಪಾಯಸದ ಪಾತ್ರೆ ಎಲೆಯ ಮುಂದೆ ಬಂದಿರಬೇಕು, ನಿಜ. ಆದರೆ ಎಲೆ ಹಾಕುತ್ತಿದ್ದಂತೆಯೇ ಬಡಿಸುವವರೆಲ್ಲ ಒಟ್ಟಿಗೆ ನುಗ್ಗಿದರೆ ಉಪ್ಪೂ ಬೀಳುವುದಿಲ್ಲ. ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳುವ ಹಟದಿಂದ ಶುರುವಾದ ಈ ತಂತ್ರ, ಯಾವ ಒಂದೆರಡನ್ನು ತರಬೇಕು ಎಂದು ಆರಿಸುವ ವಿವೇಕಕ್ಕೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ತಡವಾಗುವುದು ಎಲ್ಲಿ

ಚಿತ್ರ ತಡವಾಗಿ ಕಂಡರೆ ಕಡತ ದೊಡ್ಡದಿರಬೇಕು ಎಂದೇ ಮೊದಲು ಅನಿಸುತ್ತದೆ. ಎಷ್ಟೋ ವೇಳೆ ಅದು ನಿಜವೂ ಹೌದು. ಆದರೆ 50 ಕಿಲೋಬೈಟಿನ ಪುಟ್ಟ ಚಿತ್ರವೂ ತಡವಾಗಬಹುದು. ಆಗ ಕಾರಣ ಬೇರೆ: ಆ ಚಿತ್ರ ಬೇಕು ಎಂಬುದು ಬ್ರೌಸರಿಗೆ ಗೊತ್ತಾದದ್ದೇ ತಡವಾಗಿ.

ಚಿತ್ರದ ವಿಳಾಸ ಎಚ್‌ಟಿಎಂಎಲ್ ಪಠ್ಯದಲ್ಲೇ ಇದ್ದರೆ ಬ್ರೌಸರ್ ಅದನ್ನು ಓದುತ್ತಲೇ ಬೇಡಿಕೆ ಕಳಿಸುತ್ತದೆ. ಅದೇ ಚಿತ್ರ ಸಿಎಸ್‌ಎಸ್ ಕಡತದಲ್ಲಿ ಹಿನ್ನೆಲೆಯಾಗಿ ಅಡಗಿದ್ದರೆ ಮೊದಲು ಎಚ್‌ಟಿಎಂಎಲ್ ಬರಬೇಕು, ಆಮೇಲೆ ಸಿಎಸ್‌ಎಸ್ ಬರಬೇಕು, ಅದರ ಯಾವ ನಿಯಮ ಪುಟದ ಯಾವ ಭಾಗಕ್ಕೆ ಅನ್ವಯಿಸುತ್ತದೆ ಎಂಬ ಲೆಕ್ಕ ಮುಗಿಯಬೇಕು. ಬೇಡಿಕೆ ಹೊರಡುವುದು ಅನಂತರ. ಇಂದಿನ ಒಂದೇ ಪುಟದ ಅಪ್ಲಿಕೇಶನ್‌ಗಳಲ್ಲಿ ಸರಪಳಿ ಇನ್ನೂ ಉದ್ದ. ಖಾಲಿ ಎಚ್‌ಟಿಎಂಎಲ್ ಮೊದಲು ಬರುತ್ತದೆ, ಅದು ಜಾವಾಸ್ಕ್ರಿಪ್ಟ್ ತರಿಸುತ್ತದೆ, ಜಾವಾಸ್ಕ್ರಿಪ್ಟ್ ಸರ್ವರಿನಿಂದ ಮಾಹಿತಿ ಕೇಳುತ್ತದೆ, ಬಂದ ಮಾಹಿತಿಯೊಳಗೆ ಚಿತ್ರದ ವಿಳಾಸ ಇರುತ್ತದೆ. ಒಂದು ಸಲ ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿಯುವ ಮೊಬೈಲ್ ಜಾಲದಲ್ಲಿ ಈ ಮೂರು ಸುತ್ತುಗಳ ಕಾಯುವಿಕೆಯೇ 600 ಮಿಲಿಸೆಕೆಂಡ್. ಡಿಎನ್‌ಎಸ್ ವಿಚಾರಣೆ, ಸಂಪರ್ಕ ಸ್ಥಾಪನೆ, ಗೂಢಲಿಪಿಯ ಒಪ್ಪಂದ ಇವು ಬೇರೆ. ಇಷ್ಟರಲ್ಲಿ ಚಿತ್ರದ ಒಂದು ಬೈಟೂ ಇಳಿದಿರುವುದಿಲ್ಲ. ಇಂಥ ಕಡೆ ಚಿತ್ರವನ್ನು ಇನ್ನಷ್ಟು ಕುಗ್ಗಿಸಿ ಪ್ರಯೋಜನ ಕಡಿಮೆ. ವಿಳಾಸವನ್ನು ಮೊದಲೇ ತಿಳಿಸುವುದೇ ಮದ್ದು.

ಎರಡನೆಯ ಬಗೆಯ ತಡ ಬೇರೆ ಜಾತಿಯದು. ಗ್ಯಾಲರಿಯ ಎಂಟನೆಯ ಚಿತ್ರ ಈಗ ಬೇಕಿಲ್ಲ, ಬಳಕೆದಾರ ಏಳನೆಯದನ್ನು ನೋಡಿ ಮುಗಿಸಿದ ಮೇಲೆ ಬೇಕು. ಇಲ್ಲಿ ಬ್ರೌಸರಿಗೆ ಅಪ್ಲಿಕೇಶನ್ ಒಂದು ಊಹೆಯನ್ನು ಕೊಡುತ್ತದೆ. ಊಹೆ ತಪ್ಪಿದರೆ ಇಳಿಸಿಕೊಂಡದ್ದು ವ್ಯರ್ಥ. ಈಗಲೇ ಬೇಕಾದದ್ದನ್ನು ಬೇಗ ಪತ್ತೆಮಾಡಿಸುವುದಕ್ಕೂ ಮುಂದೆ ಬೇಕಾಗಬಹುದಾದದ್ದನ್ನು ತಂದಿಡುವುದಕ್ಕೂ ಬೇರೆ ಬೇರೆ ಸಾಧನಗಳಿವೆ. ಎರಡನ್ನೂ ಒಂದೇ ಎಂದು ತಿಳಿದು ಬರೆದ ಕೋಡ್ ಬೇಕಾದಷ್ಟಿದೆ, ಪ್ರೀಲೋಡ್ ಮಾಡಿಯೂ ಪುಟ ನಿಧಾನವಾಯಿತು ಎಂಬ ದೂರುಗಳ ಬೇರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಇಮೇಜ್ ಆಬ್ಜೆಕ್ಟಿನ ಕಾಲ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಮೊಸಾಯಿಕ್ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್, ಪುಟದೊಳಗೇ ಚಿತ್ರ ಕೂರಿಸುವ ಟ್ಯಾಗಿನ ಪ್ರಸ್ತಾಪವನ್ನು 1993ರ ಫೆಬ್ರವರಿ 25ರಂದು ಮುಂದಿಟ್ಟರು. ಅಲ್ಲಿಂದ ಮುಂದೆ ಚಿತ್ರಕ್ಕಾಗಿ ಕಾಯುವುದು ವೆಬ್ ಬಳಕೆಯ ಸಹಜ ಭಾಗವೇ ಆಯಿತು. 28.8 ಕಿಲೋಬಿಟ್ ಮೋಡೆಮ್ ಸೆಕೆಂಡಿಗೆ ತರುತ್ತಿದ್ದದ್ದು ಹೆಚ್ಚೆಂದರೆ 3.6 ಕಿಲೋಬೈಟ್. 20 ಕಿಲೋಬೈಟಿನ ಒಂದು ಜಿಫ್ ಚಿತ್ರಕ್ಕೆ ಐದು ಸೆಕೆಂಡಿಗೂ ಹೆಚ್ಚು ಹೊತ್ತು. ಸಾಲು ಬಿಟ್ಟು ಸಾಲು ಮೂಡುವ ಇಂಟರ್‌ಲೇಸ್ಡ್ ಜಿಫ್, ಮಬ್ಬಿನಿಂದ ಸ್ಪಷ್ಟವಾಗುವ ಪ್ರೊಗ್ರೆಸಿವ್ ಜೆಪೆಗ್, ಮೊದಲೊಂದು ಹಗುರ ಚಿತ್ರವನ್ನು ತೋರಿಸಿ ಅದರ ಮೇಲೆ ಭಾರದ್ದನ್ನು ತರುವ ನೆಟ್‌ಸ್ಕೇಪಿನ ‘ಲೋಎಸ್‌ಆರ್‌ಸಿ’ ಸೌಲಭ್ಯ ಇವೆಲ್ಲ ಆ ಕಾಯುವಿಕೆಯನ್ನು ಸಹ್ಯ ಮಾಡುವ ಉಪಾಯಗಳು. ಮುಂಚಿತವಾಗಿ ತರುವ ದಾರಿ ಆಗಿನ್ನೂ ಇರಲಿಲ್ಲ.

ಆ ದಾರಿ ತೆರೆದದ್ದು 1996ರ ಆಗಸ್ಟಿನಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ 3.0. ಅದರ ಜಾವಾಸ್ಕ್ರಿಪ್ಟ್ 1.1ರಲ್ಲಿ ಇಮೇಜ್ ಎಂಬ ಆಬ್ಜೆಕ್ಟ್ ಇತ್ತು. ಪುಟದಲ್ಲಿ ಎಲ್ಲೂ ಕಾಣದ ಒಂದು ಇಮೇಜನ್ನು ಸೃಷ್ಟಿಸಿ ಅದಕ್ಕೆ ವಿಳಾಸ ಕೊಟ್ಟರೆ ಸಾಕು, ಬ್ರೌಸರ್ ಕಡತವನ್ನು ಇಳಿಸಿಕೊಳ್ಳುತ್ತಿತ್ತು. ಆಮೇಲೆ ಪುಟದ ನಿಜವಾದ ಚಿತ್ರಕ್ಕೆ ಅದೇ ವಿಳಾಸ ಕೊಟ್ಟಾಗ ಕ್ಯಾಶ್‌ನಿಂದ ಥಟ್ಟನೆ ಬರುತ್ತಿತ್ತು. ವಿಂಡೋಸ್ ಮೇಲಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಈ ಸೌಲಭ್ಯ ಇರಲಿಲ್ಲ, 4ನೇ ಆವೃತ್ತಿಯಲ್ಲಿ ಬಂತು. ಅಲ್ಲಿಂದ ರೋಲ್‌ಓವರ್ ಎಂಬ ಹುಚ್ಚು ಶುರುವಾಯಿತು. ಮೆನುವಿನ ಪ್ರತಿ ಗುಂಡಿಗೂ ಎರಡು ಚಿತ್ರ: ಸುಮ್ಮನಿದ್ದಾಗ ಒಂದು, ಮೌಸ್ ತಾಗಿದಾಗ ಇನ್ನೊಂದು. ಎರಡನೆಯದು ಮೊದಲೇ ಬಂದಿರದಿದ್ದರೆ ಗುಂಡಿ ಕೆಲವು ಸೆಕೆಂಡ್ ಮಾಯವಾಗುತ್ತಿತ್ತು. ಮ್ಯಾಕ್ರೋಮೀಡಿಯಾ ಕಂಪನಿ 1997ರ ಕೊನೆಗೆ ತಂದ ಡ್ರೀಮ್‌ವೀವರ್ ಸಾಫ್ಟ್‌ವೇರ್ ಈ ಕೋಡನ್ನು ತಾನೇ ಬರೆದುಕೊಡುತ್ತಿತ್ತು. ‘ಎಂಎಂ_ಪ್ರೀಲೋಡ್‌ಇಮೇಜಸ್’ ಎಂದು ಶುರುವಾಗುವ ಆ ಫಂಕ್ಷನ್, ಅದನ್ನು ಓದಿ ಅರ್ಥಮಾಡಿಕೊಳ್ಳದವರ ಪುಟಗಳಲ್ಲೂ ವರ್ಷಗಟ್ಟಲೆ ಉಳಿದುಕೊಂಡಿತು.

ಭಾರತೀಯ ಭಾಷೆಗಳ ಪುಟಗಳಿಗೆ ಇದರ ಹೊರೆ ಒಂದು ತೂಕ ಹೆಚ್ಚೇ ಇತ್ತು. ಕನ್ನಡಕ್ಕೆ ತುಂಗಾ ಫಾಂಟ್ ಸಮೇತ ವಿಂಡೋಸ್‌ನಲ್ಲಿ ಯೂನಿಕೋಡ್ ಬೆಂಬಲ ಸಿಕ್ಕಿದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಓದುಗರ ಯಂತ್ರದಲ್ಲಿ ಯಾವ ಫಾಂಟ್ ಇದೆಯೋ ಗೊತ್ತಿಲ್ಲದೆ ಮೆನುವಿನ ಪದಗಳನ್ನೂ ತಲೆಬರಹಗಳನ್ನೂ ಚಿತ್ರವಾಗಿಯೇ ಇಡುವ ರೂಢಿ ಇತ್ತು. ಇಂಗ್ಲಿಷ್ ಪುಟಕ್ಕೆ ರೋಲ್‌ಓವರ್ ಒಂದು ಅಲಂಕಾರ. ಇಲ್ಲಿ ಪದವೇ ಚಿತ್ರವಾದ್ದರಿಂದ, ಚಿತ್ರ ಬರದಿದ್ದರೆ ಓದಲಿಕ್ಕೆ ಏನೂ ಇರುತ್ತಿರಲಿಲ್ಲ.

ಇಮೇಜ್ ಆಬ್ಜೆಕ್ಟಿನ ವಿಧಾನ ಇಂದಿಗೂ ಬದುಕಿದೆ, ಗ್ಯಾಲರಿಗಳಲ್ಲಿ ಅದೇ ಮುಖ್ಯ ಸಾಧನ. ಅದರ ಸುತ್ತ ಬೆಳೆದ ಕೆಲವು ಆಚಾರಗಳೂ ಬದುಕಿವೆ. ಚಿತ್ರ ಬಂದಾಗ ನಡೆಯಬೇಕಾದ ಕೆಲಸವನ್ನು ವಿಳಾಸ ಕೊಡುವ ಮೊದಲೇ ನೋಂದಾಯಿಸಬೇಕು ಎಂಬುದು ಅವುಗಳಲ್ಲೊಂದು. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಚಿತ್ರ ಕ್ಯಾಶ್‌ನಲ್ಲಿದ್ದರೆ ‘ಬಂತು’ ಎಂಬ ಸೂಚನೆ ನೋಂದಣಿಗೆ ಮುಂಚೆಯೇ ಹಾದುಹೋಗುತ್ತಿತ್ತು. ಈಗಿನ ಬ್ರೌಸರುಗಳಲ್ಲಿ ಆ ಭಯವಿಲ್ಲ, ಆಚಾರ ಮಾತ್ರ ಉಳಿದಿದೆ. ಉಳಿದರೆ ನಷ್ಟವೇನಿಲ್ಲ. ಇದೇ ಇಮೇಜ್ ಆಬ್ಜೆಕ್ಟ್ ಜಾಹೀರಾತು ಮತ್ತು ಅಂಕಿಅಂಶ ಸಂಗ್ರಹದವರ ಕೈಗೂ ಸಿಕ್ಕಿತು. ಒಂದು ಪಿಕ್ಸೆಲಿನ ಚಿತ್ರವನ್ನು ಕೇಳುವ ನೆಪದಲ್ಲಿ, ಯಾರು ಯಾವ ಪುಟ ನೋಡಿದರು ಎಂಬ ಸುದ್ದಿಯನ್ನು ಸರ್ವರಿಗೆ ಮುಟ್ಟಿಸುವ ಉಪಾಯಕ್ಕೂ ಅದು ಒದಗಿತು.

ಸ್ಪ್ರೈಟ್

ಆಗಿನ ಕಷ್ಟ ಕಡತಗಳ ಗಾತ್ರದ್ದಷ್ಟೇ ಅಲ್ಲ, ಸಂಖ್ಯೆಯದ್ದೂ ಹೌದು. ಎಚ್‌ಟಿಟಿಪಿ 1.1ರ 1999ರ ನಿರೂಪಣೆ, ಒಂದು ಬ್ರೌಸರ್ ಒಂದು ಸರ್ವರಿನೊಡನೆ ಎರಡಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳಬಾರದು ಎಂದು ಸಲಹೆ ಮಾಡಿತ್ತು. ಇಪ್ಪತ್ತು ಗುಂಡಿಗಳ ನಲವತ್ತು ಚಿತ್ರಗಳು ಎರಡೆರಡಾಗಿ ಸಾಲುಗಟ್ಟಬೇಕು. 2004ರ ಮಾರ್ಚಿನಲ್ಲಿ ಕೆನಡಾದ ವಿನ್ಯಾಸಕಾರ ಡೇವ್ ಶೇ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ವಿವರಿಸಿದ ಸಿಎಸ್‌ಎಸ್ ಸ್ಪ್ರೈಟ್ ವಿಧಾನ ಇದನ್ನು ಜಾಣತನದಿಂದ ದಾಟಿತು. ಎಲ್ಲ ಚಿಹ್ನೆಗಳನ್ನೂ ಒಂದೇ ದೊಡ್ಡ ಚಿತ್ರದಲ್ಲಿ ಜೋಡಿಸಿ, ಪ್ರತಿ ಗುಂಡಿಯಲ್ಲೂ ಅದರ ಬೇಕಾದ ತುಂಡು ಮಾತ್ರ ಕಾಣುವಂತೆ ಹಿನ್ನೆಲೆಯನ್ನು ಸರಿಸುವುದು. ಮೌಸ್ ತಾಗಿದಾಗ ಬೇಕಾಗುವ ತುಂಡೂ ಅದೇ ಚಿತ್ರದಲ್ಲಿ ಬಂದಿರುವುದರಿಂದ ಬೇರೆ ಪ್ರೀಲೋಡಿಂಗ್ ಬೇಡ. ವಿಡಿಯೊ ಗೇಮುಗಳಿಂದ ಎರವಲು ತಂದ ಉಪಾಯವಿದು. ಒಂದು ಚಿಹ್ನೆ ಬದಲಾದರೂ ಇಡೀ ಹಾಳೆಯನ್ನು ಮತ್ತೆ ಇಳಿಸಬೇಕಾದದ್ದು ಅದರ ಕೊರತೆ. 2008ರ ಸುಮಾರಿಗೆ ಬ್ರೌಸರುಗಳು ಒಂದು ಸರ್ವರಿಗೆ ಆರು ಸಂಪರ್ಕ ತೆರೆಯತೊಡಗಿದವು. ಒಂದೇ ಸಂಪರ್ಕದಲ್ಲಿ ಹಲವು ಕಡತಗಳನ್ನು ಬೆರೆಸಿ ಕಳಿಸುವ ಎಚ್‌ಟಿಟಿಪಿ/2 ಬಂದದ್ದು 2015ರಲ್ಲಿ. ಅಲ್ಲಿಗೆ ಸ್ಪ್ರೈಟಿನ ಅಗತ್ಯ ತಗ್ಗಿತು.

ಬ್ರೌಸರೇ ಮುಂದೋಡಿದ್ದು

ಈ ವಿಷಯದಲ್ಲಿ ಅತಿ ದೊಡ್ಡ ಸುಧಾರಣೆ ಯಾವ ಪುಟಕರ್ತನ ಕೈಯಿಂದಲೂ ಬಂದದ್ದಲ್ಲ. ಎಚ್‌ಟಿಎಂಎಲ್ ಓದುತ್ತಿರುವಾಗ ನಡುವೆ ಒಂದು ಸ್ಕ್ರಿಪ್ಟ್ ಎದುರಾದರೆ ಬ್ರೌಸರ್ ಅಲ್ಲೇ ನಿಲ್ಲಬೇಕು, ಆ ಸ್ಕ್ರಿಪ್ಟ್ ಪುಟವನ್ನೇ ಬದಲಿಸಬಹುದಾದ್ದರಿಂದ. ಹಾಗೆ ನಿಂತಿರುವಾಗ ಜಾಲ ಸುಮ್ಮನೆ ಖಾಲಿ ಬಿದ್ದಿರುತ್ತಿತ್ತು. 2008ರ ಹೊತ್ತಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್, ವೆಬ್‌ಕಿಟ್, ಮೊಜಿಲ್ಲಾ ಮೂರೂ ಬಳಗಗಳು ಇದಕ್ಕೊಂದು ಪರಿಹಾರ ಕಂಡುಕೊಂಡವು. ಪಠ್ಯ ಓದುವ ಮುಖ್ಯ ಪಾರ್ಸರ್ ನಿಂತಿದ್ದರೂ ಇನ್ನೊಂದು ಹಗುರ ಪಾರ್ಸರ್ ಉಳಿದ ಪಠ್ಯದ ಮೇಲೆ ಕಣ್ಣಾಡಿಸುತ್ತಾ ಹೋಗಿ, ಸಿಕ್ಕ ಚಿತ್ರ, ಸ್ಕ್ರಿಪ್ಟ್, ಸ್ಟೈಲ್‌ಶೀಟುಗಳ ವಿಳಾಸಗಳಿಗೆ ಬೇಡಿಕೆ ಕಳಿಸಿಬಿಡುತ್ತದೆ. ಇದಕ್ಕೆ ಪ್ರೀಲೋಡ್ ಸ್ಕ್ಯಾನರ್ ಎಂದು ಹೆಸರು. ಪುಟಗಳು ತೆರೆಯುವ ಸಮಯವನ್ನು ಇದು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿಸಿತೆಂದು ಕ್ರೋಮ್ ತಂಡದ ಅಳತೆ ಹೇಳಿತು.

ಸ್ಕ್ಯಾನರಿಗೆ ಕಾಣುವುದು ಎಚ್‌ಟಿಎಂಎಲ್ ಮಾತ್ರ. ಸಿಎಸ್‌ಎಸ್‌ನೊಳಗಿನ ಹಿನ್ನೆಲೆ ಚಿತ್ರ ಅದಕ್ಕೆ ಕಾಣದು, ಜಾವಾಸ್ಕ್ರಿಪ್ಟ್ ಆಮೇಲೆ ಕೂರಿಸುವ ಚಿತ್ರವೂ ಕಾಣದು. ವಿಳಾಸವನ್ನು ಬೇರೆ ಗುಣದಲ್ಲಿ ಬಚ್ಚಿಟ್ಟು, ಪುಟ ಸರಿದಂತೆ ಸ್ಕ್ರಿಪ್ಟಿನಿಂದ ಹೊರತೆಗೆಯುವ ಹಳೆಯ ಲೇಜಿ ಲೋಡಿಂಗ್ ಲೈಬ್ರರಿಗಳು ಸ್ಕ್ಯಾನರಿನ ಕಣ್ಣಿಗೆ ಬಟ್ಟೆ ಕಟ್ಟಿದಂತೆಯೇ ಸರಿ. ಹಾಗಾಗಿ ಪುಟದ ಮುಖ್ಯ ಚಿತ್ರವನ್ನು ಸಾದಾ ಇಮೇಜ್ ಟ್ಯಾಗಿನಲ್ಲಿ, ಸರ್ವರ್ ಕಳಿಸುವ ಎಚ್‌ಟಿಎಂಎಲ್‌ನಲ್ಲೇ ಇಡುವುದಕ್ಕಿಂತ ಒಳ್ಳೆಯ ಪ್ರೀಲೋಡಿಂಗ್ ಇನ್ನೊಂದಿಲ್ಲ. ಉಳಿದ ತಂತ್ರಗಳೆಲ್ಲ ಹೀಗೆ ಮಾಡಲಾಗದ ಕಡೆ ಮಾತ್ರ.

ಪ್ರೀಲೋಡ್ ಟ್ಯಾಗ್

ಮಾಡಲಾಗದ ಕಡೆಗಳಿಗಾಗಿಯೇ ಲಿಂಕ್ ಟ್ಯಾಗಿನ ‘ಪ್ರೀಲೋಡ್’ ಬಂದದ್ದು. 2016ರ ಏಪ್ರಿಲಿನ ಕ್ರೋಮ್ 50ರಲ್ಲಿ ಮೊದಲು ಕಾಣಿಸಿಕೊಂಡ ಇದು ಸಫಾರಿಗೆ 2018ರಲ್ಲಿ, ಫೈರ್‌ಫಾಕ್ಸಿನ 85ನೇ ಆವೃತ್ತಿಗೆ 2021ರ ಜನವರಿಯಲ್ಲಿ ಬಂತು. ಪುಟದ ತಲೆಭಾಗದಲ್ಲಿ ಚಿತ್ರದ ವಿಳಾಸ ಕೊಟ್ಟು, ‘ಆ್ಯಸ್’ ಎಂಬ ಗುಣದಲ್ಲಿ ಇದು ಚಿತ್ರ ಎಂದು ತಿಳಿಸಿದರೆ ಬ್ರೌಸರ್ ತಪ್ಪದೆ ತರಿಸುತ್ತದೆ. ಆ ಗುಣ ಬಿಟ್ಟರೆ ಟ್ಯಾಗ್ ಕೆಲಸಕ್ಕೆ ಬಾರದು. ಇದಕ್ಕೂ ಹಳೆಯದಾದ ‘ಪ್ರೀಫೆಚ್’ನೊಡನೆ ಇದನ್ನು ಬೆರೆಸಬಾರದು. ಮೊಜಿಲ್ಲಾ ಬಳಗದಲ್ಲಿ ಹುಟ್ಟಿದ ಪ್ರೀಫೆಚ್ ಮುಂದಿನ ಪುಟಕ್ಕೆ ಬೇಕಾಗಬಹುದಾದದ್ದನ್ನು ಜಾಲ ಬಿಡುವಾಗಿದ್ದಾಗ, ಅತಿ ಕಡಿಮೆ ಆದ್ಯತೆಯಲ್ಲಿ ತರುವ ಸೂಚನೆ. ಬ್ರೌಸರ್ ಬೇಕಾದರೆ ಅದನ್ನು ಕಡೆಗಣಿಸಬಹುದು. ಪ್ರೀಲೋಡ್ ಈ ಪುಟಕ್ಕೆ ಖಂಡಿತ ಬೇಕಾದದ್ದರ ಅಪ್ಪಣೆ. ತರಿಸಿದ ಚಿತ್ರ ಪುಟ ತೆರೆದ ಕೆಲವು ಸೆಕೆಂಡುಗಳಲ್ಲಿ ಬಳಕೆಯಾಗದಿದ್ದರೆ ಕ್ರೋಮ್ ತನ್ನ ಕನ್ಸೋಲಿನಲ್ಲಿ ಎಚ್ಚರಿಕೆ ಬರೆಯುತ್ತದೆ.

ಸರಳವಾಗಿ ಕಾಣುವ ಈ ಟ್ಯಾಗ್ ಕೆಡುವುದು ಹೊಂದಾಣಿಕೆಯಲ್ಲಿ. ಒಂದೇ ಚಿತ್ರವನ್ನು ಬೇರೆ ಬೇರೆ ಅಗಲದಲ್ಲಿ ಇಟ್ಟು ತೆರೆಗೆ ತಕ್ಕದ್ದನ್ನು ಬ್ರೌಸರೇ ಆರಿಸುವ ‘ಎಸ್‌ಆರ್‌ಸಿಸೆಟ್’ ಪದ್ಧತಿ 2014ರ ಸುಮಾರಿಗೆ ಬಳಕೆಗೆ ಬಂದಿತ್ತು. ಪ್ರೀಲೋಡ್ ಟ್ಯಾಗಿನಲ್ಲಿ ಒಂದೇ ವಿಳಾಸ ಬರೆದರೆ, ಬ್ರೌಸರ್ ಅದನ್ನೂ ತರಿಸಿ, ಆಮೇಲೆ ತೆರೆಗೆ ತಕ್ಕ ಇನ್ನೊಂದನ್ನೂ ತರಿಸುತ್ತದೆ. ಬೇಗ ಮಾಡಹೋಗಿ ಎರಡರಷ್ಟು ಇಳಿಸಿದಂತಾಯಿತು. ಅದಕ್ಕಾಗಿ ‘ಇಮೇಜ್‌ಎಸ್‌ಆರ್‌ಸಿಸೆಟ್’, ‘ಇಮೇಜ್‌ಸೈಜಸ್’ ಎಂಬ ಗುಣಗಳು 2019ರಲ್ಲಿ ಕ್ರೋಮ್ 73ರೊಡನೆ ಸೇರಿದವು. ಪುಟದ ಚಿತ್ರದಲ್ಲಿ ಬರೆದದ್ದನ್ನೇ ಅಕ್ಷರಶಃ ಇಲ್ಲೂ ಬರೆಯಬೇಕು. ಎವಿಫ್, ವೆಬ್‌ಪಿ, ಜೆಪೆಗ್ ಎಂಬ ಮೂರು ಕಡತ ರೂಪಗಳಲ್ಲೂ ಚಿತ್ರ ಇಟ್ಟಿರುವವರಿಗೆ ಇನ್ನೊಂದು ತೊಡಕು: ಎವಿಫ್‌ಗೊಂದು, ವೆಬ್‌ಪಿಗೊಂದು ಪ್ರೀಲೋಡ್ ಬರೆದರೆ ಎರಡೂ ಗೊತ್ತಿರುವ ಬ್ರೌಸರ್ ಎರಡನ್ನೂ ತರಿಸುತ್ತದೆ, ಒಂದನ್ನು ಆರಿಸಿ ಇನ್ನೊಂದನ್ನು ಬಿಡುವ ಬುದ್ಧಿ ಈ ಟ್ಯಾಗಿಗಿಲ್ಲ. ಅತಿ ಹೊಸ ರೂಪಕ್ಕೆ ಮಾತ್ರ ಬರೆದು ಸುಮ್ಮನಿರುವುದು ಲೇಸು. ಹಾಗೆಯೇ ಪುಟದ ಚಿತ್ರದಲ್ಲಿ ಕ್ರಾಸ್‌ಒರಿಜಿನ್ ಗುಣವಿದ್ದು ಪ್ರೀಲೋಡಿನಲ್ಲಿ ಇಲ್ಲದಿದ್ದರೆ ಬ್ರೌಸರ್ ಅವೆರಡನ್ನೂ ಬೇರೆ ಬೇರೆ ಬೇಡಿಕೆಗಳೆಂದೇ ಎಣಿಸುತ್ತದೆ.

ಆದ್ಯತೆಯ ಮಾತು ಇದಕ್ಕಿಂತ ಮುಖ್ಯ. ಪ್ರೀಲೋಡ್ ಎಂದರೆ ಬೇಗ ಎಂದು ಹಲವರು ತಿಳಿದಿದ್ದಾರೆ. ಪ್ರೀಲೋಡ್ ಹೇಳುವುದು ‘ಇದು ಇದೆ’ ಎಂದಷ್ಟೇ. ಕ್ರೋಮ್‌ನಲ್ಲಿ ಚಿತ್ರಗಳ ಆದ್ಯತೆ ಹುಟ್ಟಾ ಕಡಿಮೆ. ಪುಟದ ವಿನ್ಯಾಸ ಲೆಕ್ಕವಾಗಿ, ಈ ಚಿತ್ರ ತೆರೆಯ ಮೇಲೇ ಇದೆ ಎಂದು ಗೊತ್ತಾದ ಮೇಲೆ ಅದು ಏರುತ್ತದೆ. ಪ್ರೀಲೋಡ್ ಮಾಡಿದ ಚಿತ್ರವೂ ಅದೇ ಕೆಳಗಿನ ಸಾಲಿನಲ್ಲಿ ನಿಲ್ಲುತ್ತದೆ. 2022ರ ಏಪ್ರಿಲಿನಲ್ಲಿ ಕ್ರೋಮ್ 101ರೊಡನೆ ಬಂದ ‘ಫೆಚ್‌ಪ್ರಯಾರಿಟಿ’ ಗುಣ ಈ ಕೊರತೆ ತುಂಬಿತು. ಅದಕ್ಕೆ ‘ಹೈ’ ಎಂದು ಬರೆದರೆ ಚಿತ್ರ ಮೊದಲ ಸಾಲಿಗೆ ಬರುತ್ತದೆ. ಗೂಗಲ್ ಫ್ಲೈಟ್ಸ್ ಪುಟದ ಹಿನ್ನೆಲೆ ಚಿತ್ರಕ್ಕೆ ಇದನ್ನು ಬಳಸಿದ ಪರೀಕ್ಷೆಯಲ್ಲಿ ಮುಖ್ಯ ಚಿತ್ರ ಕಾಣುವ ಸಮಯ 2.6 ಸೆಕೆಂಡಿನಿಂದ 1.9 ಸೆಕೆಂಡಿಗೆ ಇಳಿಯಿತು. ಒಂದು ಪದ ಸೇರಿಸಿದ್ದಕ್ಕೆ ಇಷ್ಟು ಫಲ ಸಿಗುವುದು ವೆಬ್ ಕಸುಬಿನಲ್ಲಿ ಅಪರೂಪ.

ಆ ‘ಮುಖ್ಯ ಚಿತ್ರ ಕಾಣುವ ಸಮಯ’ವನ್ನು ಅಳೆಯುವ ಎಲ್‌ಸಿಪಿ ಎಂಬ ಮಾನವನ್ನು ಗೂಗಲ್ ತನ್ನ ಕೋರ್ ವೆಬ್ ವೈಟಲ್ಸ್ ಅಳತೆಗಳಲ್ಲಿ 2020ರಲ್ಲಿ ಸೇರಿಸಿತು. ತೆರೆಯ ಮೇಲಿನ ಅತಿ ದೊಡ್ಡ ಅಂಶ, ನಾಲ್ಕರಲ್ಲಿ ಮೂರು ಭೇಟಿಗಳಲ್ಲಾದರೂ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಅದರ ಗೆರೆ. ಹುಡುಕಾಟದ ಶ್ರೇಣಿಗೂ ಇದನ್ನು 2021ರಿಂದ ಜೋಡಿಸಿದ್ದರಿಂದ, ಅಲ್ಲಿಯವರೆಗೆ ಈ ವಿಷಯಕ್ಕೆ ತಲೆಹಾಕದ ಸಂಸ್ಥೆಗಳೂ ಚಿತ್ರಗಳ ಸರದಿಯ ಬಗ್ಗೆ ವಿಚಾರಿಸತೊಡಗಿದವು. ಬಹುಪಾಲು ಪುಟಗಳಲ್ಲಿ ಆ ಅತಿ ದೊಡ್ಡ ಅಂಶ ಒಂದು ಚಿತ್ರವೇ ಆಗಿರುತ್ತದೆ.

ವರ್ಡ್‌ಪ್ರೆಸ್ಸಿನ ಕಥೆ ಇಲ್ಲಿ ಹೇಳಲೇಬೇಕಾದದ್ದು. ತೆರೆಯ ಕೆಳಗಿರುವ ಚಿತ್ರಗಳನ್ನು ಬಳಕೆದಾರ ಹತ್ತಿರ ಬರುವವರೆಗೆ ತಡೆಹಿಡಿಯುವ ‘ಲೇಜಿ’ ಗುಣ 2019ರಲ್ಲಿ ಕ್ರೋಮ್ 76ಕ್ಕೆ ಬಂತು. 2020ರ ಆಗಸ್ಟಿನ ವರ್ಡ್‌ಪ್ರೆಸ್ 5.5 ಅದನ್ನು ಎಲ್ಲ ಚಿತ್ರಗಳಿಗೂ ತಾನೇ ಹಚ್ಚಿತು. ಮೊದಲ ತೆರೆಯ ದೊಡ್ಡ ಚಿತ್ರಕ್ಕೂ. ಅದರಿಂದ ಮುಖ್ಯ ಚಿತ್ರವೇ ತಡವಾಗುತ್ತಿದೆ ಎಂದು ಅಳತೆಗಳು ತೋರಿಸಿದ ಮೇಲೆ 2022ರ ಜನವರಿಯ 5.9ರಲ್ಲಿ ಮೊದಲ ಚಿತ್ರವನ್ನು ಅದರಿಂದ ಹೊರಗಿಟ್ಟರು. 2023ರ 6.3ರಲ್ಲಿ ಮುಖ್ಯ ಚಿತ್ರವೆಂದು ಊಹಿಸಿದ್ದಕ್ಕೆ ‘ಫೆಚ್‌ಪ್ರಯಾರಿಟಿ’ಯನ್ನೂ ಸೇರಿಸಿದರು. ತಡೆಹಿಡಿಯುವುದೂ ಮುಂದೆ ತರುವುದೂ ಒಂದೇ ನಿರ್ಧಾರದ ಎರಡು ಬದಿ ಎಂಬುದನ್ನು, ಜಗತ್ತಿನ ಅಸಂಖ್ಯ ಪುಟಗಳನ್ನು ನಡೆಸುವ ಸಾಫ್ಟ್‌ವೇರ್ ಕಲಿತದ್ದು ಹೀಗೆ.

ಸರ್ವರೇ ಮುಂದಾಗಿ, ಕೇಳುವ ಮೊದಲೇ ಕಳಿಸಿಬಿಡುವ ಪ್ರಯತ್ನವೂ ನಡೆಯಿತು. ಎಚ್‌ಟಿಟಿಪಿ/2ರ ಸರ್ವರ್ ಪುಶ್ ಅಂಥದ್ದು. ಬ್ರೌಸರಿನ ಕ್ಯಾಶ್‌ನಲ್ಲಿ ಏನಿದೆ ಎಂಬುದು ಸರ್ವರಿಗೆ ಗೊತ್ತಿಲ್ಲದ್ದರಿಂದ ಇರುವುದನ್ನೇ ಮತ್ತೆ ಮತ್ತೆ ತುರುಕುತ್ತಿತ್ತು. ಕ್ರೋಮ್ 2022ರಲ್ಲಿ ಅದನ್ನು ಕೈಬಿಟ್ಟಿತು. ಅದರ ಬದಲು ಬಂದದ್ದು 103 ಎಂಬ ಸಂಕೇತದ ಅರ್ಲಿ ಹಿಂಟ್ಸ್. ಸರ್ವರ್ ಪುಟವನ್ನು ಸಿದ್ಧಪಡಿಸುತ್ತಿರುವಾಗಲೇ ‘ಈ ಚಿತ್ರ ಬೇಕಾಗುತ್ತದೆ’ ಎಂಬ ಸುಳಿವು ಕಳಿಸುತ್ತದೆ, ತರಿಸುವುದೋ ಬಿಡುವುದೋ ಬ್ರೌಸರಿಗೆ ಬಿಟ್ಟದ್ದು. ಈ 103 ಕ್ರೋಮಿಗೆ ಬಂದದ್ದು 103ನೇ ಆವೃತ್ತಿಯಲ್ಲೇ ಎಂಬುದು ತಂತ್ರಜ್ಞರ ನಡುವಿನ ಒಂದು ಚಿಕ್ಕ ತಮಾಷೆ.

ಗ್ಯಾಲರಿ, ಭೂಪಟ, ಆಟ

ಮುಂದೆ ಬೇಕಾಗುವುದನ್ನು ಊಹಿಸುವ ಬಗೆಯ ಪ್ರೀಲೋಡಿಂಗಿಗೆ ಗ್ಯಾಲರಿ ಅತ್ಯುತ್ತಮ ಉದಾಹರಣೆ. ಇಲ್ಲಿ ಊಹೆ ಬಹುತೇಕ ನಿಜವಾಗುತ್ತದೆ: ಐದನೆಯ ಚಿತ್ರ ನೋಡುತ್ತಿರುವವನಿಗೆ ಮುಂದೆ ಬೇಕಾಗುವುದು ಆರನೆಯದು, ಅಪರೂಪಕ್ಕೆ ನಾಲ್ಕನೆಯದು. ಹಾಗಾಗಿ ನೂರು ಚಿತ್ರಗಳ ಗ್ಯಾಲರಿಯಲ್ಲಿ ನೂರನ್ನೂ ತರಿಸುವುದು ಸೋಮಾರಿತನದ ಕೋಡ್, ಅಕ್ಕಪಕ್ಕದವನ್ನು ತರಿಸುವುದು ಯೋಚಿಸಿದ ಕೋಡ್. ಫೋಟೊಸ್ವೈಪ್ ಎಂಬ ಜನಪ್ರಿಯ ಲೈಬ್ರರಿಯ 5ನೇ ಆವೃತ್ತಿ ಹಿಂದಿನದೊಂದು, ಮುಂದಿನವೆರಡು ಎಂಬ ಲೆಕ್ಕದಲ್ಲಿ, ಬಳಕೆದಾರ ಯಾವ ದಿಕ್ಕಿಗೆ ಸಾಗುತ್ತಿದ್ದಾನೆ ಎಂಬುದನ್ನೂ ನೋಡಿ ತರಿಸುತ್ತದೆ. ಕನ್ನಡ ವಿಕಿಪೀಡಿಯವೂ ಸೇರಿದಂತೆ ವಿಕಿಮೀಡಿಯ ತಾಣಗಳಲ್ಲಿರುವ ಮೀಡಿಯ ವ್ಯೂವರ್ ಕೂಡ ನೋಡುತ್ತಿರುವ ಚಿತ್ರದ ನೆರೆಯವನ್ನು ಹೀಗೆ ಮೊದಲೇ ತಂದಿಡುತ್ತದೆ. ಇನ್ನೂ ಸೂಕ್ಷ್ಮವಾದ ಊಹೆಗೆ ಮೌಸಿನ ಚಲನೆಯೇ ಸಾಕ್ಷಿ. ಥಂಬ್‌ನೇಲಿನ ಮೇಲೆ ಮೌಸ್ ಬಂದು ನಿಂತಾಗಿನಿಂದ ಕ್ಲಿಕ್ ಆಗುವವರೆಗೆ ಕೆಲವು ನೂರು ಮಿಲಿಸೆಕೆಂಡುಗಳ ಅವಕಾಶ ಸಿಗುತ್ತದೆ. ದೊಡ್ಡ ಚಿತ್ರದ ಬೇಡಿಕೆ ಆ ಸಂದಿಯಲ್ಲಿ ಹೊರಟರೆ ಬಳಕೆದಾರನಿಗೆ ತಡ ಗೊತ್ತೇ ಆಗುವುದಿಲ್ಲ. ಸ್ಪರ್ಶದ ಫೋನುಗಳಲ್ಲಿ ಮಾತ್ರ ಈ ಭಾಗ್ಯವಿಲ್ಲ.

ಭೂಪಟಗಳಲ್ಲಿ ಊಹೆ ಎರಡು ಆಯಾಮಕ್ಕೆ ಹರಡುತ್ತದೆ. 2005ರ ಗೂಗಲ್ ಮ್ಯಾಪ್ಸ್ ಜನಪ್ರಿಯಗೊಳಿಸಿದ 256 ಪಿಕ್ಸೆಲ್ ಚೌಕದ ತುಂಡುಗಳಲ್ಲಿ ಬಳಕೆದಾರ ಯಾವ ಕಡೆಗೂ ಸರಿಯಬಹುದು, ಒಳಕ್ಕೋ ಹೊರಕ್ಕೋ ಜಿಗಿಯಲೂಬಹುದು. ಎಲ್ಲ ದಿಕ್ಕನ್ನೂ ತುಂಬಿಟ್ಟುಕೊಳ್ಳಲು ಹೋದರೆ ಮುಗಿಯದು. ಓಪನ್‌ಲೇಯರ್ಸ್ ಲೈಬ್ರರಿ ಇದಕ್ಕೆ ಬೇರೆ ದಾರಿ ಹಿಡಿದಿದೆ. ಅದರ ಪ್ರೀಲೋಡ್ ಆಯ್ಕೆ ಚಾಲೂ ಮಾಡಿದರೆ, ಕಡಿಮೆ ಸ್ಪಷ್ಟತೆಯ ಮೇಲಿನ ಹಂತದ ತುಂಡುಗಳನ್ನು ತಂದಿಡುತ್ತದೆ. ಒಂದೇ ತುಂಡು ವಿಶಾಲ ಪ್ರದೇಶವನ್ನು ಮುಚ್ಚುವುದರಿಂದ, ನಿಜವಾದ ತುಂಡು ಬರುವವರೆಗೆ ಬಿಳಿಯ ಬದಲು ಮಬ್ಬು ನಕ್ಷೆ ಕಾಣುತ್ತದೆ.

ಆಟಗಳಲ್ಲಿ ಪ್ರೀಲೋಡಿಂಗ್ ಅನಿವಾರ್ಯ. ಕ್ಯಾನ್ವಾಸ್ ಮೇಲೆ ಇನ್ನೂ ಬಂದಿರದ ಚಿತ್ರವನ್ನು ಬಿಡಿಸಲು ಹೇಳಿದರೆ ಬ್ರೌಸರ್ ತಪ್ಪನ್ನೂ ತೋರಿಸದು, ಏನನ್ನೂ ಬಿಡಿಸದು. ಸುಮ್ಮನಿರುತ್ತದೆ. ಕಲಿಯುವವರು ಗಂಟೆಗಟ್ಟಲೆ ಕೋಡ್ ಹುಡುಕುವಂತೆ ಮಾಡುವ ಮೌನವಿದು. ಚಿತ್ರದ ಕಡತವೇ ಕೆಟ್ಟಿದ್ದರೆ ಮಾತ್ರ ದೋಷದ ಸೂಚನೆ ಬರುತ್ತದೆ. ಫೇಸರ್ ಎಂಬ ಆಟದ ಚೌಕಟ್ಟಿನಲ್ಲಿ ಪ್ರತಿ ದೃಶ್ಯಕ್ಕೂ ಪ್ರೀಲೋಡ್ ಎಂಬ ಹೆಸರಿನ ಪ್ರತ್ಯೇಕ ಹಂತವೇ ಇದೆ. ಅಲ್ಲಿ ಕೇಳಿದ ಕಡತಗಳೆಲ್ಲ ಬಂದ ಮೇಲೆಯೇ ದೃಶ್ಯ ಕಟ್ಟುವ ಹಂತ ಶುರುವಾಗುತ್ತದೆ. ಫ್ಲ್ಯಾಶ್ ಕಾಲದಲ್ಲಿ ಕಂಡ ಶೇಕಡಾವಾರು ಪಟ್ಟಿಯ ವಂಶಜವಿದು.

ಇಳಿದ ಮೇಲೆ

ಕಡತ ಇಳಿದರೆ ಚಿತ್ರ ಸಿದ್ಧವಾಯಿತೆಂದಲ್ಲ. ಜೆಪೆಗ್ ಅಥವಾ ವೆಬ್‌ಪಿಯನ್ನು ಬಿಚ್ಚಿ ಪಿಕ್ಸೆಲುಗಳಾಗಿ ಹರಡುವ ಡಿಕೋಡ್ ಕೆಲಸ ಬಾಕಿ ಇರುತ್ತದೆ. ದೊಡ್ಡ ಚಿತ್ರಗಳಲ್ಲಿ, ಸಾಧಾರಣ ಫೋನುಗಳಲ್ಲಿ ಇದೇ ಒಂದು ಎಡವುವಿಕೆಯಾಗಿ ಕಾಣುತ್ತದೆ. ಗ್ಯಾಲರಿಯ ಚಿತ್ರ ಸರಿಯುವಾಗ ನಡುವೆ ಒಂದು ಕ್ಷಣ ಸಿಕ್ಕಿಕೊಂಡಂತಾಗುವುದು ಇದರಿಂದಲೇ. 2018ರಿಂದ ಬ್ರೌಸರುಗಳಲ್ಲಿ ಸಿಗುವ ‘ಡಿಕೋಡ್’ ಎಂಬ ವಿಧಾನ ಈ ಕೆಲಸವನ್ನು ಮೊದಲೇ ಮಾಡಿಸಿ, ಮುಗಿದ ಮೇಲೆ ತಿಳಿಸುತ್ತದೆ. ಆಮೇಲೆ ಚಿತ್ರವನ್ನು ಪುಟಕ್ಕೆ ಸೇರಿಸಿದರೆ ತಡವಿಲ್ಲ.

ಇಲ್ಲಿಯೇ ಮೆಮೊರಿಯ ಲೆಕ್ಕ ಎದುರಾಗುತ್ತದೆ. ಡಿಕೋಡ್ ಆದ ಚಿತ್ರಕ್ಕೆ ಸಾಮಾನ್ಯವಾಗಿ ಪಿಕ್ಸೆಲಿಗೆ ನಾಲ್ಕು ಬೈಟ್. ಫೋನ್ ಕ್ಯಾಮೆರಾದ 4000 × 3000 ಪಿಕ್ಸೆಲಿನ ಫೋಟೊ ಡಿಸ್ಕಿನಲ್ಲಿ ಮೂರ್ನಾಲ್ಕು ಮೆಗಾಬೈಟ್ ಇದ್ದೀತು, ಮೆಮೊರಿಯಲ್ಲಿ 48 ಮೆಗಾಬೈಟ್. ಅಂಥ ಹತ್ತನ್ನು ಮೊದಲೇ ಬಿಚ್ಚಿಟ್ಟರೆ 480 ಮೆಗಾಬೈಟ್. ಕಡಿಮೆ ಮೆಮೊರಿಯ ಫೋನಿನಲ್ಲಿ ಟ್ಯಾಬೇ ಮುಚ್ಚಿಹೋಗಬಹುದು. ಬ್ರೌಸರುಗಳು ಬಳಸದ ಡಿಕೋಡನ್ನು ತಾವೇ ಎಸೆದುಬಿಡುತ್ತವೆ, ಹಾಗಾಗಿ ಮೊದಲೇ ಮಾಡಿಸಿದ ಶ್ರಮ ಹಲವು ವೇಳೆ ಗಾಳಿಗೆ.

ಕ್ಯಾಶ್‌ನ ಮೇಲೂ ಪೂರ್ತಿ ಭರವಸೆ ಇಡುವಂತಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಸರ್ವರ್ ತನ್ನ ಹೆಡರಿನಲ್ಲಿ ತಿಳಿಸದಿದ್ದರೆ, ಪ್ರೀಲೋಡ್ ಮಾಡಿದ ಚಿತ್ರಕ್ಕೂ ಮುಂದಿನ ಪುಟದಲ್ಲಿ ಮತ್ತೆ ವಿಚಾರಣೆ ನಡೆದೀತು. ಬೇರೆ ತಾಣದಲ್ಲಿ ಇಳಿದ ಚಿತ್ರ ಈ ತಾಣಕ್ಕೂ ಒದಗುತ್ತದೆ ಎಂಬ ಹಳೆಯ ನಂಬಿಕೆ ಈಗ ಸುಳ್ಳು. ಜನರ ಓಡಾಟವನ್ನು ಕ್ಯಾಶ್ ಮೂಲಕ ಪತ್ತೆ ಹಚ್ಚುವುದನ್ನು ತಡೆಯಲು ಸಫಾರಿ 2013ರಿಂದ, ಕ್ರೋಮ್ 2020ರಿಂದ, ಫೈರ್‌ಫಾಕ್ಸ್ 2021ರಿಂದ ಪ್ರತಿ ತಾಣಕ್ಕೂ ಬೇರೆ ಕ್ಯಾಶ್ ಕೋಣೆ ಕೊಟ್ಟಿವೆ. ಹೆಚ್ಚು ಗಟ್ಟಿಯಾಗಿ ಇಟ್ಟುಕೊಳ್ಳಬೇಕೆಂದರೆ ಸರ್ವಿಸ್ ವರ್ಕರ್ ಬೇಕು. ಅದು ಜಾಲ ಮತ್ತು ಪುಟದ ನಡುವೆ ನಿಂತು, ಅಪ್ಲಿಕೇಶನ್ ಹೇಳಿದ ಚಿತ್ರಗಳನ್ನು ತನ್ನದೇ ಸಂಗ್ರಹದಲ್ಲಿಟ್ಟು, ಸಂಪರ್ಕವಿಲ್ಲದಾಗಲೂ ಕೊಡುತ್ತದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ಹೊರತಂದ ಫ್ಲಿಪ್‌ಕಾರ್ಟ್ ಲೈಟ್, ಈ ತಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಜಗತ್ತಿನ ಮೊದಮೊದಲ ಅಂಗಡಿ ತಾಣಗಳಲ್ಲೊಂದು. 2ಜಿ ಜಾಲದ ಗ್ರಾಹಕರೇ ಹೆಚ್ಚಾಗಿದ್ದ ಕಾಲದಲ್ಲಿ ಅದು ಷೋಕಿಯಾಗಿರಲಿಲ್ಲ.

ಹಣ ಯಾರದು

ಪ್ರೀಲೋಡ್ ಮಾಡಿದ ಪ್ರತಿ ಬೈಟಿಗೂ ಬೆಲೆ ತೆರುವವನು ಬಳಕೆದಾರ. ಅವನು ನೋಡದೇ ಹೋದ ಚಿತ್ರಕ್ಕೂ. ಫೈಬರ್ ಸಂಪರ್ಕದ ಕಚೇರಿಯಲ್ಲಿ ಕುಳಿತು ಕೋಡ್ ಬರೆಯುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ದಿನಕ್ಕಿಷ್ಟು ಡೇಟಾ ಎಂಬ ಪ್ಯಾಕ್ ಹಾಕಿಸಿಕೊಂಡವರಿಗೆ ಸಂಜೆಯ ಹೊತ್ತಿಗೆ ಬೀಳುತ್ತದೆ. ಡೇಟಾ ಉಳಿಸಿ ಎಂಬ ಆಯ್ಕೆಯನ್ನು ಬಳಕೆದಾರ ಹಾಕಿಕೊಂಡಿದ್ದರೆ ಕ್ರೋಮ್ ಮೂಲದ ಬ್ರೌಸರುಗಳು ಅದನ್ನು ‘ಸೇವ್‌ಡೇಟಾ’ ಎಂಬ ಸೂಚನೆಯಾಗಿ ತಿಳಿಸುತ್ತವೆ. ಊಹೆಯ ಮೇಲಿನ ಪ್ರೀಲೋಡಿಂಗ್ ಮಾಡುವ ಅಪ್ಲಿಕೇಶನ್ ಅದನ್ನು ನೋಡದಿದ್ದರೆ ಅಸಭ್ಯತೆ ಎಂದೇ ಹೇಳಬೇಕು. ಸಫಾರಿ ಮತ್ತು ಫೈರ್‌ಫಾಕ್ಸಿನಲ್ಲಿ ಈ ಸೂಚನೆ ಸಿಗದಿರುವುದರಿಂದ, ಊಹೆಯನ್ನು ಎಲ್ಲರಿಗೂ ಮಿತವಾಗಿಡುವುದೇ ಕ್ಷೇಮ.

ಚಿತ್ರ ಬರುವವರೆಗೆ ಜಾಗವನ್ನು ಖಾಲಿ ಬಿಡದಿರುವ ಉಪಾಯಗಳು ಪ್ರೀಲೋಡಿಂಗಿನ ನೆರೆಯವು, ಎಷ್ಟೋ ಸಲ ಅದಕ್ಕಿಂತ ಅಗ್ಗವಾದವು. ಚಿತ್ರದ ಅಗಲ ಎತ್ತರವನ್ನು ಟ್ಯಾಗಿನಲ್ಲೇ ಬರೆದರೆ ಪುಟ ಕುಪ್ಪಳಿಸುವುದಿಲ್ಲ. ಫೇಸ್‌ಬುಕ್ 2015ರಲ್ಲಿ ತನ್ನ ಆ್ಯಪಿಗಾಗಿ, ಮುಖಪುಟದ ಚಿತ್ರದ ಮಬ್ಬು ರೂಪವನ್ನು ಸುಮಾರು 200 ಬೈಟುಗಳಲ್ಲಿ ಕಳಿಸುವ ವಿಧಾನ ಪ್ರಕಟಿಸಿತು. ಎಲ್ಲ ಜೆಪೆಗ್‌ಗಳಿಗೂ ಸಮಾನವಾದ ತಲೆಭಾಗವನ್ನು ಆ್ಯಪಿನೊಳಗೇ ಇಟ್ಟುಬಿಟ್ಟದ್ದು ಅದರ ಗುಟ್ಟು. ಫಿನ್ಲೆಂಡಿನ ವೋಲ್ಟ್ ಕಂಪನಿಯ ಬ್ಲರ್‌ಹ್ಯಾಶ್ ಇದನ್ನು ಇಪ್ಪತ್ತು ಮೂವತ್ತು ಅಕ್ಷರಗಳ ಸಾಲಿಗೆ ಇಳಿಸಿತು.

ಈಗಿನ ಚೌಕಟ್ಟುಗಳು ಈ ನಿರ್ಧಾರಗಳನ್ನು ತಮ್ಮ ಚಿತ್ರದ ಘಟಕಗಳೊಳಗೆ ಸೇರಿಸಿಕೊಂಡಿವೆ. ನೆಕ್ಸ್ಟ್‌ನಲ್ಲಿ, ಆ್ಯಂಗ್ಯುಲರ್‌ನಲ್ಲಿ ‘ಪ್ರಯಾರಿಟಿ’ ಎಂದು ಗುರುತಿಸಿದ ಚಿತ್ರಕ್ಕೆ ಬೇಕಾದ ಟ್ಯಾಗುಗಳನ್ನು ಚೌಕಟ್ಟೇ ಬರೆಯುವ ಪದ್ಧತಿ ಬಂತು. ಗುರುತಿಸುವ ಕೆಲಸ ಮಾತ್ರ ಇನ್ನೂ ಮನುಷ್ಯರದೇ. ಹತ್ತು ಚಿತ್ರಗಳಿಗೆ ಆ ಗುರುತು ಹಾಕಿದರೆ ಯಾವುದಕ್ಕೂ ಹಾಕಿದಂತಾಗಲಿಲ್ಲ.

ನಿಮ್ಮ ಪುಟದಲ್ಲಿ ಈಗಾಗಲೇ ಪ್ರೀಲೋಡ್ ಟ್ಯಾಗುಗಳಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಜಾಲವನ್ನು ನಿಧಾನಗೊಳಿಸಿ, ಕ್ಯಾಶ್ ಬಳಕೆಯನ್ನು ನಿಲ್ಲಿಸಿ, ಒಂದೊಂದೇ ಟ್ಯಾಗ್ ತೆಗೆದು ಪುಟವನ್ನು ಮತ್ತೆ ಅಳೆಯಿರಿ. ವ್ಯತ್ಯಾಸ ಕಾಣದ ಟ್ಯಾಗನ್ನು ಅಳಿಸಿಯೇ ಬಿಡಿ.